ಚೌಕಟ್ಟಿನ ಮೇಲೆ ಇಳಿದ ಗೋಡೆ

ಅದು ಎರಡು ಸಾವಿರದ ಎಂಟನೆಯ ಇಸವಿಯ ಬೇಸಿಗೆ. ಆಗ ನಾನು ಬಸವನ ಬಾಗೇವಾಡಿಯಲ್ಲಿ ಕೆಲಸಕ್ಕಿದ್ದೆ. ನನ್ನ ಊರು ಇಂಡಿ, ಅಬ್ಬಾನದು ನಿಂಬೆಹಣ್ಣಿನ ವ್ಯಾಪಾರ. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಹತ್ತನೇ ಇಯತ್ತೆ ಮುಗಿಸಿದರೆ ಅದೇ ದೊಡ್ಡದು. ನಾನು ಹಟ ಹಿಡಿದು ಬಿಜಾಪುರದಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದೆ. ಶಮೀಮಳ ಬಾಯಿಗೆ ಹೆದರಿಯೇ ಮಾಸ್ತರರು ಪಾಸು ಮಾಡಿದ್ದಾರೆ ಎಂದು ನಮ್ಮಣ್ಣ ಚಾಷ್ಟಿ ಮಾಡುತ್ತಿದ್ದ. ಬಾಯಿ ಜೋರಿದ್ದದ್ದು ಸುಳ್ಳಲ್ಲ, ಈಗಲೂ ಇದೆ. ಆದರೆ ಅದು ಒಂದು ದಿನ ಕೆಲಸಕ್ಕೆ ಬಂತು, ಅದನ್ನೇ ಹೇಳಲು ಹೊರಟಿದ್ದೇನೆ.

ಮನಗೂಳಿಯಲ್ಲಿ ಅಮ್ಮನ ತಂಗಿ ಇದ್ದರು. ಅವರ ಮನೆಯಲ್ಲಿ ಉಳಿದುಕೊಂಡು, ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಾಗೇವಾಡಿಯ ಬಸ್ಸು ಹಿಡಿಯುತ್ತಿದ್ದೆ. ಕೆಲಸ ಬಿರಾದಾರ ಸರ್ ಅವರ ಸಿಮೆಂಟಿನ ಯಾರ್ಡಿನಲ್ಲಿ. ಹೊಲದ ಸುತ್ತ, ಶಾಲೆಯ ಸುತ್ತ ಹಾಕುವ ರೆಡಿಮೇಡ್ ಕಂಪೌಂಡನ್ನು ಎಲ್ಲರೂ ನೋಡಿರುತ್ತಾರೆ. ಸಂದು ಇರುವ ಕಂಬಗಳನ್ನು ನೆಟ್ಟು, ನಡುವೆ ಕಾಂಕ್ರೀಟಿನ ಹಲಗೆಗಳನ್ನು ಮೇಲಿನಿಂದ ಇಳಿಬಿಡುತ್ತಾರಲ್ಲ, ಅದು. ಬಹಳ ವರ್ಷ ಅದನ್ನೇ ಮಾಡುತ್ತಿದ್ದ ಸರ್ ಅವರಿಗೆ ಪುಣೆಯ ಗೆಳೆಯರೊಬ್ಬರ ಕಡೆ ಹೋಗಿಬಂದ ಮೇಲೆ ಹುಚ್ಚು ಹಿಡಿಯಿತು. ಅಲ್ಲಿ ಇಡೀ ಮನೆಯ ಗೋಡೆಯನ್ನೇ ಅಚ್ಚಿನಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ನಿಲ್ಲಿಸುತ್ತಾರಂತೆ. ಬಾಗಿಲು, ಕಿಟಕಿಗೆ ಬೇಕಾದ ಕಿಂಡಿಗಳು ಗೋಡೆಯ ಜೊತೆಗೇ ಬರುತ್ತವಂತೆ. ನಮ್ಮಲ್ಲಿ ಯಾಕಾಗಬಾರದು ಎಂದು ಸರ್ ಹಟಕ್ಕೆ ಬಿದ್ದರು. ಬರುವಾಗ ಆ ಗೋಡೆಗಳನ್ನು ಬಿಡಿಸುವ ಸಾಫ್ಟ್‌ವೇರನ್ನೂ ತಂದರು. ಆಫೀಸಿನಲ್ಲಿ ಕಂಪ್ಯೂಟರ್ ಬರುತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಕಲಿಯುವ ಪಾಳಿ ನನ್ನದಾಯಿತು.

ಅಲ್ಲಿಯವರೆಗೆ ನನಗೆ ನಕ್ಷೆ ಎಂದರೆ ಬರೀ ಗೆರೆ. ಗೋಡೆ ಎಂದರೆ ಜೋಡಿ ಗೆರೆ, ಬಾಗಿಲು ಎಂದರೆ ಆ ಗೆರೆಯಲ್ಲಿ ಒಂದು ಖಾಲಿ ಜಾಗ. ಇದರಲ್ಲಿ ಹಾಗಲ್ಲ. ದಪ್ಪ ಇಷ್ಟು, ಎತ್ತರ ಇಷ್ಟು ಎಂದು ಹೇಳಿದರೆ ಪರದೆಯ ಮೇಲೆ ಒಂದು ಗೋಡೆ ಎದ್ದು ನಿಲ್ಲುತ್ತಿತ್ತು. ಮೌಸು ತಿರುಗಿಸಿದರೆ ಅದೂ ತಿರುಗುತ್ತಿತ್ತು. ಅದರ ಬೆನ್ನು ನೋಡಬಹುದು, ಕೆಳಗಿನಿಂದ ನೋಡಬಹುದು, ಹೊಟ್ಟೆ ಸೀಳಿ ಒಳಗಿನ ಕಬ್ಬಿಣವನ್ನೂ ನೋಡಬಹುದು. ಕ್ರೇನಿನ ಕೊಕ್ಕೆ ಸಿಕ್ಕಿಸುವ ಕಬ್ಬಿಣದ ಬಳೆ ಎಲ್ಲಿರಬೇಕು, ಬುನಾದಿಯಿಂದ ಎದ್ದ ಸರಳುಗಳು ಗೋಡೆಯ ಯಾವ ತೂತಿನೊಳಗೆ ಕೂಡಬೇಕು, ಎಲ್ಲ ಅಲ್ಲೇ ಕೂರಿಸಬೇಕು. ಎರಡು ವಸ್ತು ಒಂದೇ ಜಾಗಕ್ಕೆ ಬಂದರೆ ಪರದೆಯ ಮೇಲೆ ಆ ಭಾಗ ಕೆಂಪಗಾಗುತ್ತಿತ್ತು. ಮೊದಲ ಸಲ ನಾಲ್ಕು ಗೋಡೆ ನಿಲ್ಲಿಸಿ, ನಾನೇ ಬಿಟ್ಟ ಬಾಗಿಲಿನ ಕಿಂಡಿಯಿಂದ ಒಳಗೆ ಹೊಕ್ಕು ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು. ಇನ್ನೂ ಒಂದು ಹಿಡಿ ಸಿಮೆಂಟು ಕಲಸಿಲ್ಲ, ಆದರೆ ನಾನು ಕೋಣೆಯೊಳಗೆ ನಿಂತಿದ್ದೆ.

ಒಮ್ಮೆ ಅಬ್ಬಾ ಬಾಗೇವಾಡಿಯ ಸಂತೆಗೆ ಬಂದವರು ಆಫೀಸಿಗೂ ಬಂದರು. ದೊಡ್ಡ ಜಂಬದಿಂದ ಅವರಿಗೆ ಒಂದು ಗೋಡೆಯನ್ನು ಗರಗರ ತಿರುಗಿಸಿ ತೋರಿಸಿದೆ. ಅವರು ಸುಮ್ಮನೆ ನೋಡಿ, ನಿಂಬೆಹಣ್ಣು ಆರಿಸುವವರೂ ಹೀಗೇ ತಿರುಗಿಸಿ ನೋಡುತ್ತಾರೆ, ಕೊನೆಗೆ ಹಿಂಡಿದಾಗಲೇ ಗೊತ್ತಾಗುವುದು ಅಂದರು. ನನಗೆ ಸಿಟ್ಟು ಬಂತು. ಆದರೆ ಮಾತು ಖರೆ ಇತ್ತು. ನಾನು ಬಿಡಿಸಿದ ಒಂದು ಗೋಡೆಯೂ ಅಲ್ಲಿಯವರೆಗೆ ಎಲ್ಲೂ ಎದ್ದು ನಿಂತಿರಲಿಲ್ಲ.

ನಮಗೆ ಸಿಕ್ಕ ಮೊದಲ ಕಟ್ಟಡ ಒಂದು ಹೆರಿಗೆ ಕೇಂದ್ರ. ಮಸೂತಿ ಎಂಬ ಊರಿನಿಂದಲೂ ಆಚೆ, ಡಾಂಬರು ರಸ್ತೆ ಮುಗಿದ ಮೇಲೂ ಬಹಳ ಒಳಗೆ ಹೋಗಬೇಕಾದ ಒಂದು ಸಣ್ಣ ಊರು. ಹೊರಗಿನ ಸೇವಾ ಸಂಸ್ಥೆಯೊಂದು ಕಟ್ಟಿಸಿಕೊಡಲು ಒಪ್ಪಿತ್ತು. ಮಳೆಗಾಲ ಶುರುವಾದರೆ ಆ ಕರಿ ಮಣ್ಣಿನ ದಾರಿಯಲ್ಲಿ ಇಟ್ಟಂಗಿ, ಉಸುಕು ಹೊತ್ತ ಗಾಡಿ ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ಬೇಗ ನಿಲ್ಲಿಸುವ ನಮ್ಮ ಗೋಡೆ ಅವರಿಗೆ ಒಪ್ಪಿಗೆಯಾಯಿತು. ಎರಡು ಕೋಣೆ, ಒಂದು ಪಡಸಾಲೆ. ನಾನು ಅದನ್ನು ಬಿಡಿಸಿದ್ದೇ ಬಿಡಿಸಿದ್ದು. ಕನಸಿನಲ್ಲೂ ಅದರ ಪ್ಯಾನೆಲ್ಲುಗಳು, ಅಂದರೆ ಬಿಡಿಬಿಡಿಯಾಗಿ ಎರಕ ಹೊಯ್ಯುವ ಗೋಡೆಯ ತುಂಡುಗಳು, ಬರುತ್ತಿದ್ದವು. ಯಾರ್ಡಿನಲ್ಲಿ ಅವುಗಳ ಎರಕ ಆಗುವಾಗ ನಿಂತು ನೋಡುತ್ತಿದ್ದೆ. ಆದರೆ ಊರಿಗೆ ಮಾತ್ರ ನನ್ನನ್ನು ಯಾರೂ ಕರೆದೊಯ್ದಿರಲಿಲ್ಲ. ಬುನಾದಿ ಹಾಕಿಸಲು ಗೌಂಡಿಯೊಬ್ಬ ಹೋಗಿದ್ದ, ಅಳತೆ ನೋಡಲು ಸರ್ ಹೋಗಿ ಬಂದಿದ್ದರು. ಗೋಡೆ ನಿಲ್ಲಿಸುವ ದಿನ ನಾನು ಬಂದೇ ಬರುತ್ತೇನೆ ಎಂದು ಜಗಳ ತೆಗೆದೆ. ಲ್ಯಾಪ್‌ಟಾಪ್ ಹಿಡಿದುಕೊಂಡು ಜೀಪಿನಲ್ಲಿ ಬಾಯಿ ಮುಚ್ಚಿ ಕೂರುವುದಾದರೆ ಬಾ ಅಂದರು. ಒಪ್ಪಿಕೊಂಡೆ.

ಅವತ್ತು ನಾವು ಊರು ಮುಟ್ಟಿದಾಗ ಇನ್ನೂ ಬಿಸಿಲು ಏರಿರಲಿಲ್ಲ. ಪ್ಯಾನೆಲ್ಲು ಹೊತ್ತ ಟ್ರೇಲರ್ ಮತ್ತು ಕ್ರೇನು ನಮ್ಮ ಹಿಂದೆಯೇ ಬಂದವು. ಕ್ರೇನು ಸಿಂದಗಿ ಕಡೆಯ ಯಾವುದೋ ಫ್ಯಾಕ್ಟರಿ ಕೆಲಸಕ್ಕೆಂದು ಸೊಲ್ಲಾಪುರದಿಂದ ಬಂದಿದ್ದದ್ದು. ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ತಂದಿದ್ದರು. ಸಂಜೆಗೆ ಅದು ಹೋಗಲೇಬೇಕು. ಊರಿಗೆ ಊರೇ ಬಂದು ನಿಂತಿತ್ತು. ಸರ್ ಜೀಪಿನಿಂದ ಇಳಿದವರು ಬುನಾದಿಯ ಕಡೆ ನೋಡಿ ಅಲ್ಲೇ ನಿಂತುಬಿಟ್ಟರು.

ಖಾಲಿ ಇರಬೇಕಾದ ಬುನಾದಿಯ ಮೇಲೆ, ಮುಂದಿನ ಬಾಗಿಲಿನ ಜಾಗದಲ್ಲಿ, ಒಂದು ಕಟ್ಟಿಗೆಯ ಚೌಕಟ್ಟು ಒಂಟಿಯಾಗಿ ನಿಂತಿತ್ತು. ಹೊಸ್ತಿಲಿಗೆ ಅರಿಷಿಣ ಬಳಿದಿತ್ತು, ಕುಂಕುಮ ಇತ್ತು. ಮೇಲಿನ ಅಡ್ಡಪಟ್ಟಿಗೆ ಮಾವಿನ ಎಲೆ, ಚೆಂಡು ಹೂವಿನ ಸರ, ಒಳಮೈಗೆ ನವಧಾನ್ಯ ಕಟ್ಟಿದ ಹಳದಿ ಬಟ್ಟೆಯ ಗಂಟು. ಮುಂದೆ ಒಡೆದ ತೆಂಗಿನಕಾಯಿ.

ನಮ್ಮ ಕಡೆ ಮನೆ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುನಾದಿ ಆದ ಮೇಲೆ ಮೊದಲು ನಿಲ್ಲುವುದು ಬಾಗಿಲ ಚೌಕಟ್ಟು. ಒಳ್ಳೆಯ ದಿನ ನೋಡಿ ಪೂಜೆ ಮಾಡಿ ಅದನ್ನು ನಿಲ್ಲಿಸುತ್ತಾರೆ. ಆಮೇಲೆ ಗೋಡೆ ಅದರ ಎರಡೂ ಬದಿಗೆ ಏರುತ್ತಾ ಬಂದು ಅದನ್ನು ಅಪ್ಪಿಕೊಳ್ಳುತ್ತದೆ. ಒಮ್ಮೆ ನಿಲ್ಲಿಸಿ ಪೂಜೆಯಾದ ಚೌಕಟ್ಟನ್ನು ಮತ್ತೆ ಕೀಳುವಂತಿಲ್ಲ. ಕಿತ್ತರೆ ಆ ಮನೆಗೆ ಒಳ್ಳೆಯದಾಗುವುದಿಲ್ಲ ಅನ್ನುತ್ತಾರೆ. ಜಾತಿ ಧರ್ಮ ಏನಿದ್ದರೂ ಈ ಮಾತನ್ನು ನಮ್ಮ ಕಡೆ ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಇಂಡಿಯ ನಮ್ಮ ಮನೆಯ ಚೌಕಟ್ಟಿಗೂ ಅಬ್ಬಾ ಫಾತೇಹಾ ಓದಿಸಿ ಸಕ್ಕರೆ ಹಂಚಿದ್ದರು.

ನಮ್ಮ ರೆಡಿಮೇಡ್ ಗೋಡೆಯ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಮೊದಲು ಗೋಡೆ, ಆಮೇಲೆ ಕಿಂಡಿಯಲ್ಲಿ ಚೌಕಟ್ಟು. ಚೌಕಟ್ಟಿನ ಅಳತೆಯನ್ನು ಸರ್ ಊರಿನ ಬಡಿಗೇರನಿಗೆ ಮುಂಚೆಯೇ ಕೊಟ್ಟಿದ್ದರು. ಮಾಡಿ ಇಟ್ಟಿರು ಅಂದಿದ್ದರು. ಯಾವಾಗ ನಿಲ್ಲಿಸಬೇಕು ಎಂದು ಹೇಳಿರಲಿಲ್ಲ, ಯಾಕೆಂದರೆ ಅದನ್ನೂ ಹೇಳಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಊರವರೂ ಕೇಳಿರಲಿಲ್ಲ, ಯಾಕೆಂದರೆ ಚೌಕಟ್ಟು ಮೊದಲು ನಿಲ್ಲುತ್ತದೆ ಎಂಬುದು ಕೇಳುವ ಮಾತೇ ಅಲ್ಲ. ನಾಳೆ ಗೋಡೆಗಳು ಬರುತ್ತವೆ ಅಂದಕೂಡಲೇ ಹಿಂದಿನ ದಿನ ಎಲ್ಲರೂ ಸೇರಿ ಖುಷಿಯಿಂದ ಪೂಜೆ ಮಾಡಿ, ಹೊಸ್ತಿಲನ್ನು ಸಿಮೆಂಟಿನಲ್ಲಿ ಕೂರಿಸಿಬಿಟ್ಟಿದ್ದರು.

ಸರ್ ಅವರ ಸಿಟ್ಟು ನೋಡಬೇಕಿತ್ತು. ಗೌಂಡಿಯನ್ನು ಕರೆದು ಬೈದರು, ಬಡಿಗೇರನನ್ನು ಬೈದರು. ಗಾಬರಿಯಲ್ಲಿ ಟ್ರೇಲರಿನ ಡ್ರೈವರನಿಗೂ ಒಂದಿಷ್ಟು ಬಿತ್ತು. ಕೊನೆಗೆ, ಅದನ್ನು ಈಗಿಂದೀಗ ಕಿತ್ತು ಬದಿಗಿಡಿ, ಕ್ರೇನು ಕಾಯುವುದಿಲ್ಲ ಅಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಣ್ಣುಮಕ್ಕಳ ಗುಂಪು ಒಮ್ಮೆಲೇ ಸುಮ್ಮನಾಯಿತು. ನನಗೆ ಆ ಸುಮ್ಮನಾದದ್ದು ಅರ್ಥವಾಗಲಿಲ್ಲ. ಅಶುಭ ಅಂತ ನಾಲ್ಕು ಮಾತು ಆಡಿ ಜಗಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರೆಲ್ಲ ನೋಡುತ್ತಿದ್ದದ್ದು ದೂರದ ಬೇವಿನ ಗಿಡದ ಕಡೆ. ಅದರ ಬುಡದಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು.

ಆ ಊರಿನ ಅಂಗನವಾಡಿಯ ಟೀಚರ್ ಮಹಾದೇವಿ ಅಂತ, ನನಗಿಂತ ತುಸು ದೊಡ್ಡವರು. ಅವರು ನನ್ನ ಕೈ ಹಿಡಿದು ಜೀಪಿನ ಮರೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದರು. ಗಿಡದ ಬುಡದಲ್ಲಿ ಕೂತವಳು ಗಂಗವ್ವ. ಈ ಜಾಗ ಅವಳದು, ಹೆರಿಗೆ ಕೇಂದ್ರಕ್ಕೆಂದು ಬರೆದುಕೊಟ್ಟಿದ್ದಳು. ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಳೆ ಹಿಡಿದಿತ್ತು. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಾಗೇವಾಡಿಗೆ ಹೊರಟರೆ ಕೆಸರಿನಲ್ಲಿ ಗಾಲಿ ಹೂತು ನಿಂತುಬಿಟ್ಟಿತು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಗಂಗವ್ವ ಅವತ್ತಿನಿಂದ ವರ್ಷಗಟ್ಟಲೆ ಇಲ್ಲೊಂದು ದವಾಖಾನೆ ಆಗಬೇಕು ಎಂದು ಬಂದ ಬಂದವರನ್ನೆಲ್ಲ ಕೇಳುತ್ತಾ ಬಂದಿದ್ದಳು.

ಚೌಕಟ್ಟಿನ ಪೂಜೆ ಮುತ್ತೈದೆಯರು ಮಾಡುವಂಥದ್ದು. ಗಂಡನಿಲ್ಲದ ಗಂಗವ್ವ ಅಂಥ ಕೆಲಸಕ್ಕೆ ಮುಂದೆ ಬರುವವಳಲ್ಲ. ಆದರೆ ಊರಿನ ಹೆಣ್ಣುಮಕ್ಕಳು ಮಾತಾಡಿಕೊಂಡು, ಈ ಹೊಸ್ತಿಲಿಗೆ ಅರಿಷಿಣ ಹಚ್ಚುವವಳು ನೀನೇ ಎಂದು ಅವಳನ್ನು ಎಳೆದು ತಂದಿದ್ದರು. ಹಿರಿಯರೊಬ್ಬರು ಬೇಡವೆಂದರೂ ಕೇಳಿರಲಿಲ್ಲ. ಈಗ ಅದೇ ಚೌಕಟ್ಟನ್ನು ಕಿತ್ತುಹಾಕುವ ಮಾತು ಬಂದಿತ್ತು.

ನಾವು ಮಾತಾಡುತ್ತಿದ್ದಾಗಲೇ ಆ ಹಿರಿಯರು, ಎಲ್ಲರಿಗೂ ಕೇಳುವ ಹಾಗೆ, ತಾನು ಮೊದಲೇ ಹೇಳಿದ್ದೆ, ಯಾರ ಕೈಯಿಂದ ಯಾವ ಕೆಲಸ ಮಾಡಿಸಬೇಕು ಎಂಬ ತಿಳಿವಳಿಕೆ ಬೇಡವೇ ಎಂದು ಅಂದರು. ಅದು ಗಂಗವ್ವನಿಗೂ ಕೇಳಿಸಿತು. ಅವಳು ಎದ್ದು ಬಂದಳು. ಸರ್ ಎದುರಿಗೆ ನಿಂತು, ದನಿ ಎತ್ತರಿಸದೆ ಹೇಳಿದಳು:

"ಕಿತ್ತಬಿಡ್ರಿ ಸಾಹೇಬ್ರ. ನನ್ನ ಸಲವಾಗಿ ದವಾಖಾನಿ ನಿಂದರಬಾರದು."

ಹಾಗೆ ಹೇಳಿ ಹೋಗಿ ಮತ್ತೆ ಗಿಡದ ಬುಡದಲ್ಲಿ ಕೂತಳು. ಮಹಾದೇವಿ ನನ್ನ ಕಿವಿಯಲ್ಲಿ ಅಂದರು: "ಇದನ್ನ ಕಿತ್ತರ ಈ ದವಾಖಾನ್ಯಾಗ ಒಬ್ಬಾಕಿನೂ ಹಡ್ಯಾಕ ಬರೂದಿಲ್ಲ ನೋಡು. ಗಂಗವ್ವನ ಕೈ ಹತ್ತಿತು, ಅದಕ್ಕ ಹಿಂಗಾತು ಅಂತಾರ. ಆಕಿ ಸತ್ತಂಗ ಆಗತೈತಿ."

ನನಗೆ ಏನಾಯಿತೋ, ಬಾಯಿ ಮುಚ್ಚಿ ಕೂರುವ ಕರಾರು ಮರೆತು ಸರ್ ಹತ್ತಿರ ಹೋದೆ. ಬಾಗಿಲಿನ ಪ್ಯಾನೆಲ್ಲು ನನಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಬಾಗಿಲಿನ ಕಿಂಡಿ ಕೆಳಗಿನವರೆಗೂ ತೆರೆದೇ ಇದೆ, ಅಂದರೆ ಗೋಡೆಗೆ ಎರಡು ಕಾಲು. ಕ್ರೇನು ಅದನ್ನು ಇಳಿಸುವುದು ಮೇಲಿನಿಂದ. ಹಾಗಿದ್ದ ಮೇಲೆ ನಿಂತ ಚೌಕಟ್ಟಿನ ಮೇಲೆಯೇ, ಅಂಗಿಯನ್ನು ತಲೆಯ ಮೇಲಿಂದ ತೊಡಿಸಿದ ಹಾಗೆ, ಗೋಡೆಯನ್ನು ಇಳಿಸಲು ಯಾಕೆ ಬರುವುದಿಲ್ಲ? ಕೇಳಿದೆ. ಸರ್ ನನ್ನನ್ನೇ ನೋಡಿದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೆ. ಅವರು ಬೈಯಲಿಲ್ಲ. ಕಿಂಡಿಗೂ ಚೌಕಟ್ಟಿಗೂ ನಡುವೆ ಎರಡೂ ಬದಿಗೆ ಒಂದೊಂದು ಬೆರಳಿನಷ್ಟೇ ಜಾಗ ಇರುವುದು ಅಂದರು. ಇವರು ಅಂದಾಜಿನ ಮೇಲೆ ನಿಲ್ಲಿಸಿದ ಚೌಕಟ್ಟು ಸ್ವಲ್ಪ ಆಚೀಚೆ ಇದ್ದರೂ ಅಷ್ಟು ಭಾರದ ಗೋಡೆ ಬಂದು ಬಡಿದರೆ ಕಡ್ಡಿಪೆಟ್ಟಿಗೆಯ ಕಡ್ಡಿಯಂತೆ ಮುರಿಯುತ್ತದೆ. ಕಿತ್ತದ್ದಕ್ಕಿಂತ ಅದು ಕೆಟ್ಟದ್ದು. ಮಾತು ಸರಿಯೇ ಇತ್ತು. ಆದರೂ ಅವರು ಗಿಡದ ಕಡೆ ಒಮ್ಮೆ ನೋಡಿ, ನನಗೆ ಗಡುವು ಕೊಟ್ಟರು: "ಹಿಂದಿನ ಗ್ವಾಡಿ, ಬಾಜೂದ್ ಗ್ವಾಡಿ ನಿಲ್ಲಸೂತನಕ ನೋಡು. ಆಮ್ಯಾಲ ನಾ ಕೇಳೂದಿಲ್ಲ."

ಮಹಾದೇವಿ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ. ಬುನಾದಿಯ ಮೂಲೆಗಳಿಂದ, ಸರಳುಗಳಿಂದ, ಚೌಕಟ್ಟಿನ ಎರಡೂ ಕಾಲುಗಳಿಗೆ ಅಳತೆ ಹಿಡಿದೆವು. ತೂಗುಗುಂಡು ಬಿಟ್ಟು ನೋಡಿದೆವು. ಬಡಿಗೇರನ ಕೆಲಸ ಚೊಕ್ಕವಿತ್ತು, ಚೌಕಟ್ಟು ನೆಟ್ಟಗೇ ನಿಂತಿತ್ತು. ಇನ್ನು ಈ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ದಾರಿಯಲ್ಲೇ ಅರ್ಧ ಸತ್ತಿತ್ತು. ಊರಿನಲ್ಲಿ ಆ ಹೊತ್ತಿಗೆ ಕರೆಂಟು ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ ಮಾತ್ರ. ಓಡಿದೆವು.

ಗಿರಣಿಯಲ್ಲಿ ಜೋಳದ ಡಬ್ಬಿಗಳ ಸಾಲೇ ಇತ್ತು. ತ್ರೀಫೇಸು ಹೋಗುವುದರೊಳಗೆ ಬೀಸಿಕೊಂಡು ಹೋಗಬೇಕೆಂದು ಹೆಣ್ಣುಮಕ್ಕಳು ಕಾಯುತ್ತಿದ್ದರು. ಗಿರಣಿ ತಿರುಗಿದಾಗಲೆಲ್ಲ ಲ್ಯಾಪ್‌ಟಾಪಿನ ಬೆಳಕು ಮಿಣಿಮಿಣಿ ಅನ್ನುತ್ತಿತ್ತು. ಮಹಾದೇವಿ ಎರಡೇ ಮಾತಿನಲ್ಲಿ ಗಂಗವ್ವನ ವಿಷಯ ಹೇಳಿದರು. ಗಿರಣಿಯವನು ಪಟ್ಟಾ ಇಳಿಸಿ ಗಿರಣಿ ನಿಲ್ಲಿಸಿಬಿಟ್ಟ. ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಅವರಲ್ಲಿ ರೇಣುಕಾ ಎಂಬ ಒಬ್ಬ ತುಂಬು ಬಸುರಿ ಇದ್ದಳು. ಅವಳು ನನ್ನ ಪಕ್ಕದಲ್ಲೇ ಜೋಳದ ಚೀಲದ ಮೇಲೆ ಕೂತು, ಹಿಟ್ಟು ಮೆತ್ತಿದ ನನ್ನ ಪರದೆಯನ್ನು ಸೆರಗಿನಿಂದ ಒರೆಸಿಕೊಟ್ಟಳು.

ಚೌಕಟ್ಟನ್ನು ಅದು ನಿಂತಿದ್ದ ಜಾಗದಲ್ಲೇ ಪರದೆಯ ಮೇಲೂ ನಿಲ್ಲಿಸಿದೆ. ಬಾಗಿಲಿನ ಪ್ಯಾನೆಲ್ಲನ್ನು ಅದರ ಮೇಲೆ ಇಳಿಸಿದೆ. ಬಲಗಾಲು ಕೆಂಪಗಾಯಿತು. ಟೇಪಿನ ಅಳತೆಯ ಪ್ರಕಾರ ಚೌಕಟ್ಟು ಇರಬೇಕಾದ ಜಾಗಕ್ಕಿಂತ ಎಡಕ್ಕೆ ಇತ್ತು, ಹಾಗಿದ್ದರೆ ಗೋಡೆಯ ಎಡಗಾಲು ಕೆಂಪಗಾಗಬೇಕು, ಬಲಗಾಲು ಯಾಕೆ ಎಂದು ಒಂದು ಗಳಿಗೆ ತಲೆ ಕೆಟ್ಟಿತು. ನೋಡಿದರೆ ಗಾಬರಿಯಲ್ಲಿ ನಾನು ಕಟ್ಟಡವನ್ನು ಹಿಂದಿನಿಂದ ನೋಡುತ್ತಿದ್ದೆ. ತಿರುಗಿಸಿದೆ. ಎಡಗಾಲೇ. ಚೌಕಟ್ಟು ಎಡಕ್ಕೆ ಒಂದು ಹೆಬ್ಬೆರಳಿನ ದಪ್ಪದಷ್ಟು ಸರಿದು ನಿಂತಿತ್ತು. ಎಷ್ಟು ಸಲ ಅಳತೆ ತಿದ್ದಿ ನೋಡಿದರೂ ಆ ಕೆಂಪು ಹೋಗಲಿಲ್ಲ. ನನಗೆ ಅಳು ಬಂತು. ಗೋಡೆ ಎರಕವಾಗಿ ಹೋಗಿದೆ, ಅದನ್ನು ಕೆತ್ತಲಾಗದು. ಚೌಕಟ್ಟು ಪೂಜೆಯಾಗಿ ನಿಂತಿದೆ, ಅದನ್ನು ಸರಿಸಲಾಗದು. ಎರಡೂ ಹಟಮಾರಿಗಳು, ನಡುವೆ ಬಿಟ್ಟುಕೊಡುವವರು ಯಾರು?

ಪರದೆಯನ್ನೇ ನೋಡುತ್ತಾ ಕೂತಾಗ ಬಾಗಿಲಿನ ಪ್ಯಾನೆಲ್ಲಿಗೂ ಅದರ ಎಡದ ಪ್ಯಾನೆಲ್ಲಿಗೂ ನಡುವೆ ಇದ್ದ ಸಣ್ಣ ಬೆಳಕಿನ ಗೆರೆ ಕಣ್ಣಿಗೆ ಬಿತ್ತು. ಪ್ಯಾನೆಲ್ಲಿಗೂ ಪ್ಯಾನೆಲ್ಲಿಗೂ ನಡುವೆ ಒಂದು ಸಂದು ಬಿಡಬೇಕು, ಆಮೇಲೆ ಅದನ್ನು ಗಾರೆಯಿಂದ ತುಂಬುತ್ತಾರೆ. ಆ ಸಂದುಗಳನ್ನೆಲ್ಲ ಬಿಟ್ಟವಳು ನಾನೇ. ಇಷ್ಟು ದಿನ ಅವು ನನಗೆ ಬರೀ ಖಾಲಿ ಜಾಗವಾಗಿದ್ದವು. ಬಾಗಿಲಿನ ಪ್ಯಾನೆಲ್ಲು ಎಡಕ್ಕೆ ಒಂದಿಷ್ಟು ಸರಿದರೆ ಆ ಸಂದು ಕಿರಿದಾಗುತ್ತದೆ. ಪಕ್ಕದ ಪ್ಯಾನೆಲ್ಲೂ ಒಂದಿಷ್ಟು ಸರಿದರೆ ಮೂಲೆಯ ಸಂದು ಕಿರಿದಾಗುತ್ತದೆ. ಎಡಬದಿಯ ಗೋಡೆ ಕೂದಲೆಳೆಯಷ್ಟು ಹೊರಗೆ ನಿಂತರೆ ಉಳಿದದ್ದೂ ದಕ್ಕುತ್ತದೆ. ಬುನಾದಿಯ ಸರಳಿಗಿಂತ ಗೋಡೆಯ ತೂತು ಅಗಲವಾಗಿಯೇ ಇದೆ, ಅಷ್ಟು ಸರಿದರೆ ಅದಕ್ಕೇನೂ ಆಗುವುದಿಲ್ಲ. ಬಾಗೇವಾಡಿಯ ಬಸ್ಸಿನಲ್ಲಿ ದಿನಾ ನೋಡುವುದೇ ಅದು. ಮೂರು ಮಂದಿಯ ಸೀಟಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ತುಸು ತುಸು ಸರಿಯುತ್ತಾರೆ, ನಾಲ್ಕನೆಯವರು ಕೂಡುತ್ತಾರೆ.

ಒಂದೊಂದನ್ನೇ ನೂಲಿನಷ್ಟು ನೂಲಿನಷ್ಟು ಸರಿಸಿದೆ. ಬಾಗಿಲಿನ ಪ್ಯಾನೆಲ್ಲನ್ನು ಮತ್ತೆ ಇಳಿಸಿದೆ. ಕೆಂಪು ಹೋಗಿತ್ತು. ಎರಡೂ ಕಾಲುಗಳ ಒಳಬದಿಗೆ ಒಂದೊಂದು ಬೆರಳಿನಷ್ಟು ಬೆಳಕು ಕಾಣುತ್ತಿತ್ತು. ಏನಾಯಿತು ಎಂದು ರೇಣುಕಾ ಕೇಳಿದಳು. ಹೇಳುವಷ್ಟು ಹೊತ್ತಿರಲಿಲ್ಲ. ಎಡಬದಿಯ ಗೋಡೆ ನಿಂತು ಗಾರೆ ಬಿದ್ದರೆ ಎಲ್ಲ ಮುಗಿಯಿತು. ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಓಡಿದೆ. ಮೈಮೇಲೆಲ್ಲ ಜೋಳದ ಹಿಟ್ಟು. ಆ ಊರಿನ ನಾಯಿಗಳಿಗೆ ನಾನು ಅವತ್ತು ಏನಾಗಿ ಕಂಡೆನೋ, ಒಂದೆರಡು ಬೆನ್ನು ಹತ್ತಿದವು.

ನಾನು ಮುಟ್ಟಿದಾಗ ಹಿಂದಿನ ಗೋಡೆ ನಿಂತಿತ್ತು, ಬಲಬದಿಯದೂ ನಿಂತಿತ್ತು. ಎಡಬದಿಯದು ಕ್ರೇನಿನ ಹಗ್ಗದಲ್ಲಿ ಮೇಲೆ ತೂಗುತ್ತಿತ್ತು. ದೂರದಿಂದಲೇ ಕೂಗಿದೆ. ಸರ್ ಕೈ ಎತ್ತಿ ಕ್ರೇನು ನಿಲ್ಲಿಸಿದರು. ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆ. ಅವರು ಒಂದೊಂದೇ ಸಂದನ್ನು ದೊಡ್ಡದು ಮಾಡಿ ನೋಡಿದರು. ತಾವೇ ಟೇಪು ಹಿಡಿದು ಹೋಗಿ ಚೌಕಟ್ಟನ್ನು ಮತ್ತೆ ಅಳೆದು ಬಂದರು. ನಮ್ಮ ಹುಡುಗರನ್ನು ಕರೆದು ಬುನಾದಿಯ ಮೇಲೆ ಸುಣ್ಣದ ಹೊಸ ಗುರುತು ಹಾಕಿಸಿದರು. ಆಮೇಲೆ ಒಂದೇ ಮಾತು: "ಆಗತೈತಿ. ಆದ್ರ ಗಾಳಿ ಬೀಸಬಾರದು ನೋಡು."

ಎಡಬದಿಯ ಗೋಡೆ ಹೊಸ ಗುರುತಿಗೆ ಇಳಿಯಿತು. ಮುಂದಿನ ಎಡದ ಪ್ಯಾನೆಲ್ಲೂ ಇಳಿಯಿತು. ಕೊನೆಗೆ ಬಾಗಿಲಿನ ಪ್ಯಾನೆಲ್ಲು ಟ್ರೇಲರಿನಿಂದ ಎದ್ದಿತು.

ಅದನ್ನು ನಾನು ಪರದೆಯ ಮೇಲೆ ಎಷ್ಟು ಸಲ ಎತ್ತಿ ಇಳಿಸಿದ್ದೆನೋ ಲೆಕ್ಕವಿಲ್ಲ. ಒಂದು ಬೆರಳಿನಿಂದ ಎತ್ತುತ್ತಿದ್ದೆ. ಈಗ ಅದೇ ಗೋಡೆ ಎದ್ದಾಗ ಕ್ರೇನಿನ ಮೈ ಕಿರುಗುಟ್ಟಿತು, ಮುಂದಿನ ಗಾಲಿ ನೆಲಕ್ಕೆ ಒತ್ತಿತು. ಅದರ ನೆರಳು ನಮ್ಮೆಲ್ಲರ ಮೇಲೆ ಹಾದು ಹೋಯಿತು. ನನಗೆ ನಿಜವಾಗಿ ಭಯವಾಯಿತು. ಇಷ್ಟು ದೊಡ್ಡದನ್ನು ನಾನು ಮಾಡಿದೆನೇ ಅನ್ನಿಸಿತು. ಸರ್ ಎಲ್ಲರನ್ನೂ ದೂರ ಸರಿಸಿ, ಚೌಕಟ್ಟಿನ ಎದುರಿಗೆ ತಾವೊಬ್ಬರೇ ನಿಂತು ಕೈ ಸನ್ನೆ ಮಾಡತೊಡಗಿದರು. ಸೊಲ್ಲಾಪುರದ ಆ ಕ್ರೇನಿನವನು ಬೆಳಿಗ್ಗೆಯಿಂದ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಎಲ್ಲರನ್ನೂ ಚಾಷ್ಟಿ ಮಾಡುತ್ತಿದ್ದ. ಈಗ ಅದನ್ನು ಉಗುಳಿ, ತಲೆಯ ಟೋಪಿ ತೆಗೆದಿಟ್ಟು ಕೂತ.

ಗೋಡೆ ಚೌಕಟ್ಟಿನ ಮೇಲೆ ಬಂದು ಗಾಳಿಯಲ್ಲಿ ನಿಂತಿತು. ತುಸು ತಿರುಗಿತು, ಹಗ್ಗ ಹಿಡಿದ ಹುಡುಗರು ಎಳೆದು ನೆಟ್ಟಗೆ ಮಾಡಿದರು. ಆಮೇಲೆ ಇಳಿಯತೊಡಗಿತು. ಮೊದಲು ಮಾವಿನ ಎಲೆಗಳು ಕಿಂಡಿಯೊಳಗೆ ಹೋದವು. ಆಮೇಲೆ ಚೆಂಡು ಹೂವು. ಗೋಡೆಯ ಎರಡು ಕಾಲುಗಳು ಚೌಕಟ್ಟಿನ ಎರಡು ಬದಿಗೆ, ಮುಟ್ಟಿಯೂ ಮುಟ್ಟದ ಹಾಗೆ, ಇಳಿಯುತ್ತಾ ಇಳಿಯುತ್ತಾ ಹೋದವು. ಒಂದು ಕಡೆ ಎಲೆಯೊಂದು ಕಾಂಕ್ರೀಟಿಗೆ ತಾಗಿ ಮಡಚಿಕೊಂಡಿತು, ಗೋಡೆ ದಾಟಿದ ಮೇಲೆ ಮತ್ತೆ ಬಿಚ್ಚಿಕೊಂಡಿತು. ಕೆಳಗೆ ಸರಳುಗಳು ತೂತಿನೊಳಗೆ ಹೊಕ್ಕವು. ಗೋಡೆ ಬುನಾದಿಗೆ ಕೂತದ್ದು ಸಪ್ಪಳವಾಗಿ ಕೇಳಿಸಲಿಲ್ಲ, ನಿಂತಿದ್ದ ನೆಲದಲ್ಲಿ ಕಾಲಿಗೆ ತಿಳಿಯಿತು. ಕ್ರೇನಿನ ಹಗ್ಗ ಸಡಿಲಾಯಿತು. ಅಷ್ಟೊತ್ತು ಒಂಟಿಯಾಗಿ ನಿಂತಿದ್ದ ಚೌಕಟ್ಟಿಗೆ ಈಗ ಮನೆ ಇತ್ತು. ಎರಡೂ ಬದಿಯಲ್ಲಿ ಬೆರಳಿನಷ್ಟು ಬೆಳಕು, ನಾನು ಗಿರಣಿಯಲ್ಲಿ ಕಂಡಷ್ಟೇ, ಅದೇ ಜಾಗದಲ್ಲೇ. ನನ್ನ ಬಾಯಿಗೆ ಅಲ್ಲಾನ ಹೆಸರು ಬಂತು, ಪಕ್ಕದವರ ಬಾಯಲ್ಲಿ ಬಸವಣ್ಣನ ಹೆಸರು.

ಬಲದ ಪ್ಯಾನೆಲ್ಲೂ ನಿಂತಿತು, ಒಳಗಿನ ಗೋಡೆಯೂ ನಿಂತಿತು. ಬಿಸಿಲು ಇಳಿಯುವ ಹೊತ್ತಿಗೆ, ಬೆಳಿಗ್ಗೆ ಖಾಲಿ ಇದ್ದ ಜಾಗದಲ್ಲಿ ಎರಡು ಕೋಣೆ, ಒಂದು ಪಡಸಾಲೆ ಇದ್ದವು. ಮೇಲಿನ ಮಾಳಿಗೆ ಮಾತ್ರ ಬಾಕಿ. ಸರ್ ಊರವರಿಗೆ, ಇನ್ನು ಒಳಗೆ ಹೋಗಿ ನೋಡಬಹುದು ಅಂದರು. ಯಾರೂ ಹೆಜ್ಜೆ ಎತ್ತಲಿಲ್ಲ. ಮೊದಲು ಯಾರು ಹೊಸ್ತಿಲು ದಾಟಬೇಕು ಎಂಬುದು ಅವರಿಗೆ ಸಣ್ಣ ವಿಷಯವಲ್ಲ. ಬೆಳಿಗ್ಗೆ ಮಾತಾಡಿದ್ದ ಹಿರಿಯರು ನೆಲ ನೋಡುತ್ತಾ ನಿಂತಿದ್ದರು. ಗಂಗವ್ವ ಗಿಡದ ಬುಡ ಬಿಟ್ಟು ಎದ್ದಿರಲಿಲ್ಲ.

ಆಗ ರೇಣುಕಾ, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು, ಆ ತುಂಬು ಹೊಟ್ಟೆಯಲ್ಲಿ ನಿಧಾನವಾಗಿ ನಡೆದು ಗಿಡದ ಹತ್ತಿರ ಹೋದಳು. ಗಂಗವ್ವನ ಕೈ ಹಿಡಿದು ಎಬ್ಬಿಸಿದಳು. ಗಂಗವ್ವ ಬೇಡವೆಂದು ಕೈ ಬಿಡಿಸಿಕೊಳ್ಳಲು ನೋಡಿದಳು. ರೇಣುಕಾ ಬಿಡಲಿಲ್ಲ.

"ನಾ ಇಲ್ಲೇ ಹಡ್ಯಾಕಿ," ಅಂದಳು. "ನೀ ಮುಂದ ನಡಿ ಆಯಿ, ನಿನ್ನ ಹಿಂದ ನಾ ಬರ್ತೇನಿ."

ಗಂಗವ್ವ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಅವಳ ಹಿಂದೆ ರೇಣುಕಾ. ಅವಳ ಹಿಂದೆ ಊರಿನ ಹೆಣ್ಣುಮಕ್ಕಳೆಲ್ಲ. ಹಿಟ್ಟು ಮೆತ್ತಿದ ಮುಖ ಒರೆಸಿಕೊಳ್ಳುತ್ತಾ ನಾನೂ ಹೋದೆ. ನಾನೇ ಬಿಡಿಸಿದ ಕೋಣೆಯೊಳಗೆ ನಾನೇ ನಿಂತು, ಗೋಡೆಗೆ ಕೈ ಇಟ್ಟೆ. ಬಿಸಿಲಿಗೆ ಕಾದು ಬೆಚ್ಚಗಿತ್ತು. ಪರದೆಯ ಮೇಲೆ ಯಾವತ್ತೂ ಗೊತ್ತಾಗದ ಸಂಗತಿ ಅದು. ನನಗೆ ಹೇಳಲಾರದಷ್ಟು ಹೆಮ್ಮೆಯಾಗಿತ್ತು. ಮಹಾದೇವಿ ನನ್ನನ್ನು ತೋರಿಸಿ, ಈ ಹುಡುಗಿಯೇ ಮಾಡಿದ್ದು, ಬೆಳಿಗ್ಗೆ ಇಲ್ಲದ್ದು ಸಂಜೆಗೆ ಆಯಿತು ನೋಡು ಎಂದು ಗಂಗವ್ವನಿಗೆ ಹೇಳಿದರು.

ಗಂಗವ್ವ ನನ್ನ ಕಡೆ ತಿರುಗಿದಳು. ನಾಲ್ಕೂ ಗೋಡೆಗಳನ್ನು ಒಮ್ಮೆ ನೋಡಿದಳು, ಮೇಲೆ ಮಾಳಿಗೆಯಿಲ್ಲದ ಆಕಾಶ ನೋಡಿದಳು. ನನ್ನ ಗಲ್ಲ ಸವರಿದಳು. ಆಮೇಲೆ ಯಾರ ಮೇಲೂ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

"ಒಂದ ದಿನದಾಗ ಆಗೂವಂಥಾದ್ದಿತ್ತೇನವ್ವಾ ಇದು?"

ಸರ್ ಬಾಗಿಲಲ್ಲೇ ನಿಂತಿದ್ದರು, ತಲೆ ತಗ್ಗಿಸಿದರು. ಅಚ್ಚು, ಎರಕ, ಸಾಫ್ಟ್‌ವೇರು, ಅದರ ಹಿಂದಿನ ಎಷ್ಟೋ ದಿನಗಳ ಕೆಲಸ, ಎಲ್ಲವೂ ನನಗೆ ಗೊತ್ತಿತ್ತು. ಅವಳು ಕೇಳಿದ್ದು ಅದನ್ನಲ್ಲ. ಅವಳ ಕೈ ಹಿಡಿದುಕೊಂಡೆ. ಅವಳು ಉತ್ತರಕ್ಕೆ ಕಾಯಲಿಲ್ಲ.

ಮಾಳಿಗೆ ಬಿದ್ದು, ಮಂಚ ಬಂದು, ಮಳೆಗಾಲ ಹಿಡಿಯುವ ಮೊದಲೇ ಕೇಂದ್ರ ಶುರುವಾಯಿತು. ರೇಣುಕಾಗೆ ಅಲ್ಲೇ ಗಂಡು ಕೂಸು ಹುಟ್ಟಿತೆಂದು ಮಹಾದೇವಿ ಫೋನು ಮಾಡಿ ಹೇಳಿದರು. ಬಾಣಂತಿಯರಿಗೂ ಕೂಸುಗಳಿಗೂ ನೀರು ಎರೆಯುವ ಕೆಲಸವನ್ನು ಗಂಗವ್ವನೇ ಹಚ್ಚಿಕೊಂಡಿದ್ದಾಳಂತೆ.

ಆಮೇಲೆ ನಾನು ಇದಕ್ಕಿಂತ ದೊಡ್ಡ ಕಟ್ಟಡಗಳನ್ನು ಬಿಡಿಸಿದ್ದೇನೆ. ಎತ್ತರದ ಗೋಡೆಗಳು ನನ್ನ ಅಳತೆಗೆ ಸರಿಯಾಗಿ ಬಂದು ಕೂರುವುದನ್ನು ನೋಡಿದಾಗ ಈಗಲೂ ಮೈ ಜುಮ್ಮೆನ್ನುತ್ತದೆ, ಆ ಬೆರಗು ಹೋಗಿಲ್ಲ, ಹೋಗುವುದೂ ಬೇಡ. ನೋಡಲು ಬಂದವರು ಪ್ರತಿ ಸಲವೂ, ಅಬ್ಬಬ್ಬಾ, ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟಿರಲ್ಲ ಅನ್ನುತ್ತಾರೆ. ಹೌದೆಂದು ನಗುತ್ತೇನೆ. ಆದರೆ ಹಾಗೆ ಯಾರಾದರೂ ಅಂದಾಗಲೆಲ್ಲ ನನಗೆ ಆ ಕೆಸರಿನ ದಾರಿಯೂ, ಗಾಲಿ ಹೂತು ನಿಂತ ಟ್ರ್ಯಾಕ್ಟರೂ, ನಾನು ಕಾಣದ ಆ ಮಗಳ ಮುಖವೂ ಕಣ್ಣೆದುರು ಬರುತ್ತವೆ. ಗಂಗವ್ವನಿಗೆ ಕೊಡಬೇಕಾಗಿದ್ದ ಉತ್ತರ ಇವತ್ತಿಗೂ ನನಗೆ ಸಿಕ್ಕಿಲ್ಲ.